ಸೋಡಿಯಂ ಜೊತೆಗೂಡಿ ಒಳಬರುವ ಗ್ಲುಟಮೇಟ್: ಬ್ಯಾಕ್ಟೀರಿಯಾದ ಪೊರೆಯಲ್ಲಿ ಸಾಗಣೆಯನ್ನು ಅಳೆಯುವ ಕ್ರಮ

ಮೈಸೂರು, ಮಂಡ್ಯದ ಕಾಲೇಜುಗಳಿಂದ ಎಂ.ಎಸ್ಸಿ. ಪ್ರಾಜೆಕ್ಟಿಗೆಂದು ನಮ್ಮ ಪ್ರಯೋಗಾಲಯಕ್ಕೆ ಬರುವ ವಿದ್ಯಾರ್ಥಿಗಳಿಗೆ ನಾನು ಮೊದಲ ದಿನ ಕೊಡುವ ಕೆಲಸ ಒಂದೇ: ಸೋಡಿಯಂ ಇಲ್ಲದ ಒಂದು ಲೀಟರ್ ಬಫರ್ (ಪಿಎಚ್ ಬದಲಾಗದಂತೆ ಹಿಡಿದಿಡುವ ದ್ರಾವಣ) ತಯಾರಿಸಿ ತನ್ನಿ. ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸವೆಂದು ಅವರು ಒಳಗೊಳಗೇ ನಗುತ್ತಾರೆ. ಸಂಜೆ ಆ ದ್ರಾವಣವನ್ನು, ಜ್ವಾಲೆಯ ಬಣ್ಣದಿಂದ ಸೋಡಿಯಮ್ಮಿನಂಥ ಲೋಹಗಳನ್ನು ಅಳೆಯುವ ಫ್ಲೇಮ್ ಫೋಟೋಮೀಟರಿನ ನಳಿಕೆಗೆ ಹಿಡಿದಾಗ ನೀಲಿ ಜ್ವಾಲೆಯಲ್ಲಿ ಹಳದಿ ಏಳುತ್ತದೆ. ಮನೆಯಲ್ಲಿ ಸಾರು ಉಕ್ಕಿ ಗ್ಯಾಸ್ ಒಲೆಗೆ ಬಿದ್ದಾಗ ಕಾಣುವ ಅದೇ ಹಳದಿ, 589 ನ್ಯಾನೋಮೀಟರಿನ ಸೋಡಿಯಂ ಬೆಳಕು. ಎರಡನೆಯ ದಿನ ಯಾರೂ ನಗುವುದಿಲ್ಲ.

ಬ್ಯಾಕ್ಟೀರಿಯಾ ಸೋಡಿಯಂ ಅಯಾನಿನ ನೆರವಿನಿಂದ ಗ್ಲುಟಮೇಟನ್ನು (ಗ್ಲುಟಾಮಿಕ್ ಆಮ್ಲ ಎಂಬ ಅಮೈನೋ ಆಮ್ಲದ ಅಯಾನು ರೂಪ) ಒಳಗೆಳೆದುಕೊಳ್ಳುವುದನ್ನು ಸ್ವತಃ ಅಳೆದು ನೋಡಬಯಸುವವರಿಗಾಗಿ ಈ ಬರಹ. ಪಠ್ಯಪುಸ್ತಕದಲ್ಲಿ ಒಂದು ವೃತ್ತ, ಎರಡು ಬಾಣ ಬಿಡಿಸಿ ಮುಗಿಸಿಬಿಡುವ ವಿಷಯವಿದು. ಪ್ರಯೋಗದ ಮೇಜಿನ ಮೇಲೆ ಇದರ ಕಷ್ಟವೆಲ್ಲ ಒಂದೇ ಕಡೆ ಕೂತಿದೆ: ಸೋಡಿಯಂ ಬೇಕೇ ಬೇಕು ಎಂದು ತೋರಿಸಬೇಕಾದರೆ ಮೊದಲು ಸೋಡಿಯಂ ಇಲ್ಲದ ಸ್ಥಿತಿಯನ್ನು ಉಂಟುಮಾಡಬೇಕು, ಆದರೆ ಉಪ್ಪು ತಿನ್ನುವ ಮನುಷ್ಯರ ಕೈ ತಾಗಿದ ಕಡೆಯಲ್ಲೆಲ್ಲ ಸೋಡಿಯಂ ಇದ್ದೇ ಇರುತ್ತದೆ.

ಅಳೆಯುವ ಮುನ್ನ ತಿಳಿದಿರಬೇಕಾದದ್ದು

ಗ್ಲುಟಾಮಿಕ್ ಆಮ್ಲವನ್ನು 1866ರಲ್ಲಿ ಜರ್ಮನಿಯ ರಿಟ್‌ಹೌಸೆನ್ ಗೋಧಿಯ ಅಂಟಿನಿಂದ ಬೇರ್ಪಡಿಸಿದರು. 1908ರಲ್ಲಿ ಜಪಾನಿನ ಕಿಕುನಾಯೆ ಇಕೆಡಾ ಕಡಲಪಾಚಿಯ ಸಾರಿನ ರುಚಿಗೆ ಅದೇ ಕಾರಣವೆಂದು ಗುರುತಿಸಿದರು. ನಮ್ಮ ಟೊಮ್ಯಾಟೊ ಸಾರಿನ ರುಚಿಯಲ್ಲಿಯೂ ಅದರ ಪಾಲಿದೆ, ಅಂಗಡಿಯ ಟೇಸ್ಟಿಂಗ್ ಪೌಡರ್ ಎಂದರೆ ಅದರ ಸೋಡಿಯಂ ಲವಣ. ಬ್ಯಾಕ್ಟೀರಿಯಾಕ್ಕೆ ಗ್ಲುಟಮೇಟ್ ರುಚಿಯ ವಿಷಯವಲ್ಲ, ಬದುಕಿನ ಬಂಡವಾಳ. ಬೇರೆ ಅಮೈನೋ ಆಮ್ಲಗಳಿಗೆ ಸಾರಜನಕವನ್ನು ಹಂಚುವುದು ಅದೇ, ಕೋಶದೊಳಗಿನ ಪೊಟ್ಯಾಸಿಯಮ್ಮಿನ ಧನ ವಿದ್ಯುದಂಶಕ್ಕೆ ಜೊತೆಯಾಗಿ ನಿಲ್ಲುವ ಋಣ ಅಯಾನೂ ಅದೇ. ಗ್ಲೂಕೋಸ್ ತಿಂದು ಬೆಳೆಯುತ್ತಿರುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ಕೋಶದೊಳಗೆ ಗ್ಲುಟಮೇಟಿನ ಸಾಂದ್ರತೆ ಸುಮಾರು 100 ಮಿಲಿಮೋಲಾರ್ ಇರುತ್ತದೆ. ಅದರ ಬಹುಪಾಲನ್ನು ಕೋಶ ತಾನೇ ತಯಾರಿಸಿಕೊಂಡಿರುತ್ತದೆ. ಹೊರಗೆ ಕೆಲವೇ ಮೈಕ್ರೋಮೋಲಾರ್ ಇರುವಾಗ ಇನ್ನಷ್ಟನ್ನು ಒಳಕ್ಕೆ ತರುವುದೆಂದರೆ ತುಂಬಿದ ಕಣಜಕ್ಕೆ ಒಂದೊಂದೇ ಕಾಳನ್ನು ಆರಿಸಿ ಏರಿಸಿದಂತೆ.

ಈ ಏರಿಕೆಗೆ ಬೇಕಾದ ಶಕ್ತಿ ಇಳಿಕೆಯಿಂದ ಬರುತ್ತದೆ. ಕೋಶದ ಹೊರಗೆ ಸೋಡಿಯಂ ಹೆಚ್ಚು, ಒಳಗೆ ಕಡಿಮೆ. ಅದರ ಮೇಲೆ ಪೊರೆಯ ಒಳಬದಿ ಹೊರಬದಿಗಿಂತ ಋಣವಾಗಿರುತ್ತದೆ. ಎರಡೂ ಕಾರಣದಿಂದ ಸೋಡಿಯಂ ಒಳಗೆ ಬೀಳಲು ಕಾದಿರುತ್ತದೆ, ಮತ್ತು ವಾಹಕ ಪ್ರೋಟೀನು ಗ್ಲುಟಮೇಟನ್ನು ಜೊತೆಗೆ ಕರೆತಂದರೆ ಮಾತ್ರ ಅದಕ್ಕೆ ದಾರಿ ಬಿಡುತ್ತದೆ. ಶಿವನಸಮುದ್ರದಲ್ಲಿ ಬೀಳುವ ಕಾವೇರಿಯ ಬಲದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಯ ಯಂತ್ರಗಳು ತಿರುಗಿದ್ದನ್ನು ತರಗತಿಯಲ್ಲಿ ಹೋಲಿಕೆಯಾಗಿ ಹೇಳುವುದುಂಟು. ಹೋಲಿಕೆ ಅರ್ಧ ದಾರಿಯವರೆಗೆ ಮಾತ್ರ ಸರಿ. ಅಲ್ಲಿ ಬೀಳುವ ಜಾಗಕ್ಕೂ ಎತ್ತುವ ಜಾಗಕ್ಕೂ ನಡುವೆ ತಂತಿಯಿತ್ತು. ಇಲ್ಲಿ ಬೀಳುವುದೂ ಏರುವುದೂ ಒಂದೇ ಅಣುವಿನೊಳಗೆ, ಒಂದೇ ಚಲನೆಯಲ್ಲಿ ನಡೆಯುತ್ತದೆ. ಒಳಗೆ ಬಿದ್ದ ಸೋಡಿಯಂ ಅಲ್ಲಿಯೇ ತುಂಬಿಕೊಳ್ಳದಂತೆ ಎನ್‌ಎಚ್‌ಎ-ಎ ಎಂಬ ಇನ್ನೊಂದು ಪ್ರೋಟೀನು ಎರಡು ಪ್ರೋಟಾನುಗಳನ್ನು ಒಳಗೆ ಬಿಟ್ಟುಕೊಂಡು ಒಂದು ಸೋಡಿಯಮ್ಮನ್ನು ಹೊರದಬ್ಬುತ್ತದೆ, ಆ ಪ್ರೋಟಾನುಗಳನ್ನು ಉಸಿರಾಟದ ಸರಣಿ ಮತ್ತೆ ಹೊರಹಾಕುತ್ತದೆ. ಹೀಗಾಗಿ ಕೋಶಕ್ಕೆ ತಿನ್ನಲು ಏನೂ ಕೊಡದೆ ಈ ಪ್ರಯೋಗ ಮಾಡಿದರೆ ಸೋಡಿಯಂ ಎಷ್ಟೇ ಸುರಿದರೂ ಸಾಗಣೆ ಕುಂಟುತ್ತದೆ.

ಇ. ಕೋಲಿಯಲ್ಲಿ ಗ್ಲುಟಮೇಟಿಗೆ ಬಾಗಿಲು ಒಂದಲ್ಲ. ಜಿಎಲ್‌ಟಿ-ಎಸ್ ಎಂಬ 401 ಅಮೈನೋ ಆಮ್ಲಗಳ ವಾಹಕ ಸೋಡಿಯಂ ಅವಲಂಬಿಯಾದದ್ದು, ಗ್ಲುಟಮೇಟಿಗೇ ಮೀಸಲಾದದ್ದು. ಜಿಎಲ್‌ಟಿ-ಪಿ ಎಂಬುದು ಪ್ರೋಟಾನಿನ ಜೊತೆ ಗ್ಲುಟಮೇಟನ್ನೂ ಆಸ್ಪರ್ಟೇಟನ್ನೂ ತರುತ್ತದೆ. ಮೂರನೆಯದು ಕೋಶದ ಶಕ್ತಿನಾಣ್ಯವಾದ ಎಟಿಪಿಯನ್ನು ಖರ್ಚುಮಾಡಿ ಎಳೆಯುವ, ನಾಲ್ಕು ಘಟಕಗಳ ವ್ಯವಸ್ಥೆ. ಇದನ್ನು ಮರೆತು ಒಟ್ಟು ಸಾಗಣೆಯನ್ನೇ ಸೋಡಿಯಮ್ಮಿನ ಲೆಕ್ಕಕ್ಕೆ ಬರೆದ ಪ್ರಾಜೆಕ್ಟ್ ವರದಿಗಳನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಮೌಲ್ಯಮಾಪನ ಮಾಡಿದ್ದೇನೆ.

ವಾಹಕ ನಿಜವಾಗಿ ಹೇಗೆ ಚಲಿಸುತ್ತದೆ ಎಂಬುದರ ಅತ್ಯುತ್ತಮ ಚಿತ್ರ ಬಂದದ್ದು ಬ್ಯಾಕ್ಟೀರಿಯಾದಿಂದಲ್ಲ, ಪೈರೋಕಾಕಸ್ ಹೊರಿಕೋಶಿ ಎಂಬ, ಕುದಿನೀರಿನ ಶಾಖದಲ್ಲಿ ಬದುಕುವ ಆರ್ಕಿಯಾದಿಂದ, ಅಂದರೆ ಬ್ಯಾಕ್ಟೀರಿಯಾವಲ್ಲದ ಇನ್ನೊಂದು ಗುಂಪಿನ ಏಕಕೋಶ ಜೀವಿಯಿಂದ. ಅದರ ಜಿಎಲ್‌ಟಿ-ಪಿಎಚ್ ವಾಹಕದ ರಚನೆ 2004ರಲ್ಲಿ ಪ್ರಕಟವಾಯಿತು: ಮೂರು ಪ್ರತಿಗಳು ಒಟ್ಟುಗೂಡಿ ಹೊರಕ್ಕೆ ತೆರೆದ ಬಟ್ಟಲಿನಂತೆ ನಿಂತಿವೆ. 2009ರಲ್ಲಿ ಒಳಮುಖ ಸ್ಥಿತಿಯ ರಚನೆಯೂ ದೊರೆತಾಗ, ಸರಕನ್ನು ಹಿಡಿದ ಭಾಗ ಲಿಫ್ಟಿನಂತೆ ಪೊರೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಇಡಿಯಾಗಿ ಇಳಿಯುತ್ತದೆ ಎಂಬುದು ಸ್ಪಷ್ಟವಾಯಿತು. ಅದು ಸಾಗಿಸುವುದು ಮುಖ್ಯವಾಗಿ ಆಸ್ಪರ್ಟೇಟನ್ನು, ಒಂದಕ್ಕೆ ಮೂರು ಸೋಡಿಯಂ ಅಯಾನುಗಳಂತೆ. ಇ. ಕೋಲಿಯ ಜಿಎಲ್‌ಟಿ-ಎಸ್ ಬೇರೆ ಕುಟುಂಬಕ್ಕೆ ಸೇರಿದ ಪ್ರೋಟೀನು, ಆದ್ದರಿಂದ ಒಂದರ ಅಂಕಿಗಳನ್ನು ಇನ್ನೊಂದಕ್ಕೆ ಅಂಟಿಸಬಾರದು.

ಎಷ್ಟು ಸೋಡಿಯಂ ಜೊತೆ ಬರುತ್ತದೆ ಎಂಬುದು ಏಕೆ ಅಷ್ಟು ಮುಖ್ಯ ಎಂಬುದನ್ನು ಒಂದು ಸಣ್ಣ ಲೆಕ್ಕದಿಂದ ನೋಡಬಹುದು. 25 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಪೊರೆಯ ಎರಡು ಬದಿಗಳ ನಡುವಿನ ಹತ್ತು ಪಟ್ಟು ಸಾಂದ್ರತಾ ವ್ಯತ್ಯಾಸ 59 ಮಿಲಿವೋಲ್ಟಿಗೆ ಸಮ. ಹೊರಗೆ ಸೋಡಿಯಂ ಒಳಗಿನದಕ್ಕಿಂತ ಹತ್ತು ಪಟ್ಟಿದೆ, ಪೊರೆಯ ವಿಭವ (ಎರಡು ಬದಿಗಳ ನಡುವಿನ ವಿದ್ಯುತ್ ವ್ಯತ್ಯಾಸ) ಒಳಬದಿ ಋಣವಾಗಿ 118 ಮಿಲಿವೋಲ್ಟ್ ಇದೆ ಎಂದುಕೊಳ್ಳಿ. ಗ್ಲುಟಮೇಟಿಗೆ ಒಂದು ಋಣ ವಿದ್ಯುದಂಶವಿದೆ. ಒಂದೇ ಸೋಡಿಯಂ ಜೊತೆ ಬಂದರೆ ಧನ ಋಣ ಸರಿಹೋಗಿ ವಿಭವದಿಂದ ಏನೂ ಲಾಭವಿಲ್ಲ, ಗ್ಲುಟಮೇಟ್ ಹತ್ತು ಪಟ್ಟಿನವರೆಗೆ ಮಾತ್ರ ಏರಬಹುದು. ಎರಡು ಬಂದರೆ ಸಾಂದ್ರತೆಯಿಂದ 59ರ ಎರಡರಷ್ಟು, ಒಂದು ನಿವ್ವಳ ಧನ ವಿದ್ಯುದಂಶದಿಂದ 118, ಒಟ್ಟು 236 ಮಿಲಿವೋಲ್ಟ್. ಅಂದರೆ ಹತ್ತು ಸಾವಿರ ಪಟ್ಟು. ಮೂರಾದರೆ 413 ಮಿಲಿವೋಲ್ಟ್, ಒಂದು ಕೋಟಿ ಪಟ್ಟು. ಒಂದೊಂದು ಅಯಾನಿಗೆ ಸಾವಿರ ಪಟ್ಟು ಏರುವ ಈ ಮೆಟ್ಟಿಲನ್ನು ವಿದ್ಯಾರ್ಥಿಗಳು ಕಾಗದದ ಮೇಲೆ ತಾವೇ ಒಮ್ಮೆ ಮಾಡಿ ನೋಡಬೇಕು. ಹೊರಗಿನ 10 ಮೈಕ್ರೋಮೋಲಾರ್ ಗ್ಲುಟಮೇಟು ಒಳಗಿನ 100 ಮಿಲಿಮೋಲಾರಿಗೆ ಸಮತೂಗಬೇಕಾದರೆ ಕನಿಷ್ಠ ಎರಡು ಬೇಕೆಂದು ಆಗ ತಾನಾಗಿಯೇ ಹೊಳೆಯುತ್ತದೆ.

ಸೋಡಿಯಮ್ಮನ್ನು ಹೊರಗಿಡುವ ಕೆಲಸ

ತಳಿಯ ಆಯ್ಕೆಯನ್ನು ಬೇಗ ಮುಗಿಸಬಹುದು. ಇ. ಕೋಲಿ ಕೆ-12ರ ಸಾಮಾನ್ಯ ತಳಿ ಮತ್ತು ಅದರಿಂದ ಜಿಎಲ್‌ಟಿ-ಎಸ್ ಜೀನನ್ನು ತೆಗೆದುಹಾಕಿದ ತಳಿ, ಎರಡನ್ನೂ ಇಟ್ಟುಕೊಳ್ಳಿ. 2006ರಲ್ಲಿ ಪ್ರಕಟವಾದ ಜಪಾನಿನ ಕೆಯೋ ಸಂಗ್ರಹದಲ್ಲಿ ಒಂದೊಂದು ಜೀನ್ ಅಳಿಸಿದ ಸುಮಾರು ನಾಲ್ಕು ಸಾವಿರ ತಳಿಗಳಿವೆ, ಅಲ್ಲಿಂದ ಇದನ್ನು ತರಿಸಬಹುದು.

ಬೆಳೆಸುವ ಮಾಧ್ಯಮದಲ್ಲಿಯೇ ಮೊದಲ ಎಡವು. ಎಲ್ಲರ ಫ್ರಿಜ್ಜಿನಲ್ಲಿರುವ ಎಲ್‌ಬಿ ಮಾಧ್ಯಮದಲ್ಲಿ ಲೀಟರಿಗೆ 10 ಗ್ರಾಂ ಉಪ್ಪು, ಅಂದರೆ 171 ಮಿಲಿಮೋಲಾರ್ ಸೋಡಿಯಂ. ಎಂ9 ಮಾಧ್ಯಮದ ಫಾಸ್ಫೇಟು ಡೈಸೋಡಿಯಂ ಲವಣವಾದ್ದರಿಂದ ಅದರಲ್ಲಿಯೂ 90 ಮಿಲಿಮೋಲಾರಿಗೆ ಮೀರಿದ ಸೋಡಿಯಂ ಇರುತ್ತದೆ. ಎಂ63 ಮಾಧ್ಯಮ ನಮಗೆ ಒಗ್ಗುತ್ತದೆ: ಲೀಟರಿಗೆ 13.6 ಗ್ರಾಂ ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್, 2 ಗ್ರಾಂ ಅಮೋನಿಯಂ ಸಲ್ಫೇಟ್, 0.5 ಮಿಲಿಗ್ರಾಂ ಕಬ್ಬಿಣದ ಸಲ್ಫೇಟ್, ಪಿಎಚ್ 7ಕ್ಕೆ ತರಲು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಆಮೇಲೆ 1 ಮಿಲಿಮೋಲಾರ್ ಮೆಗ್ನೀಸಿಯಂ ಸಲ್ಫೇಟ್ ಮತ್ತು ಇಂಗಾಲಕ್ಕೆ ಗ್ಲಿಸರಾಲ್.

ಪಿಎಚ್ ಹೊಂದಿಸುವಾಗ ಯಾವ ಕ್ಷಾರ ಕೈಯಲ್ಲಿದೆ ಎಂಬುದನ್ನು ಪ್ರತಿ ಸಲವೂ ಓದಿ ನೋಡಿ. ನಾನು ಈ ಕೆಲಸಕ್ಕೆ ಕೈ ಹಾಕಿದ ಮೊದಲ ವರ್ಷ ನನ್ನ ಸೋಡಿಯಂ ರಹಿತ ನಳಿಕೆಗಳು ಸೋಡಿಯಂ ಸಹಿತ ನಳಿಕೆಗಳಷ್ಟೇ ಚುರುಕಾಗಿ ಗ್ಲುಟಮೇಟನ್ನು ಎಳೆದುಕೊಳ್ಳುತ್ತಿದ್ದವು. ಮೂರು ವಾರ ಕೋಶಗಳನ್ನು ದೂರಿದೆ, ಫಿಲ್ಟರುಗಳನ್ನು ದೂರಿದೆ, ಹೊಸ ತಳಿಗೆ ಪತ್ರವನ್ನೂ ಬರೆದೆ. ಕೊನೆಗೆ ನೋಡಿದರೆ ಬಫರಿನ ಪಿಎಚ್ ಏರಿಸಲು ನಾನೇ ಬಳಸುತ್ತಿದ್ದ ಬಾಟಲಿಯ ಮೇಲೆ ನನ್ನದೇ ಕೈಬರಹದಲ್ಲಿ ‘ಕ್ಷಾರ’ ಎಂದಷ್ಟೇ ಇತ್ತು, ಒಳಗಿದ್ದದ್ದು ಸೋಡಿಯಂ ಹೈಡ್ರಾಕ್ಸೈಡ್. 50 ಮಿಲಿಮೋಲಾರ್ ಎಂಇಎಸ್ ಬಫರನ್ನು ಪಿಎಚ್ 7ಕ್ಕೆ ತರಲು ಹಾಗೆ ಸುರಿದ ಸೋಡಿಯಂ ಸುಮಾರು 44 ಮಿಲಿಮೋಲಾರ್ ಆಗುತ್ತದೆ. ನನ್ನ ‘ಸಹಿತ’ ನಳಿಕೆಯಲ್ಲಿ ನಾನು ಸೇರಿಸುತ್ತಿದ್ದದ್ದು ಬರೀ 10.

ಇಂತಹ ಅಡಗುತಾಣಗಳು ಇನ್ನೂ ಇವೆ. ಲೋಹದ ಅಯಾನುಗಳನ್ನು ಹಿಡಿದಿಡುವ ಇಡಿಟಿಎ ಎಂದು ಕೊಳ್ಳುವ ಡಬ್ಬಿಯಲ್ಲಿ ಸಾಮಾನ್ಯವಾಗಿ ಇರುವುದು ಅದರ ಡೈಸೋಡಿಯಂ ಲವಣ; ಆಮ್ಲರೂಪದ್ದನ್ನು ತಂದು ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ಕರಗಿಸಬೇಕು. ಲ್ಯಾಕ್ಟೇಟ್, ಸಕ್ಸಿನೇಟ್, ಆರ್ಸೆನೇಟ್ ಇವೆಲ್ಲ ಸೋಡಿಯಂ ಲವಣವಾಗಿಯೇ ಸುಲಭವಾಗಿ ಸಿಗುತ್ತವೆ. ಗ್ಲುಟಮೇಟು ಕೂಡ ಮಾನೋಸೋಡಿಯಂ ಲವಣವಾಗಿಯೇ ಬರುತ್ತದೆ, ಆದರೆ ಇಲ್ಲಿ ಗಾಬರಿಯಾಗುವ ಮುನ್ನ ಲೆಕ್ಕ ಹಾಕಿ: 10 ಮೈಕ್ರೋಮೋಲಾರ್ ಗ್ಲುಟಮೇಟಿನ ಜೊತೆ ಬರುವುದು 10 ಮೈಕ್ರೋಮೋಲಾರ್ ಸೋಡಿಯಂ ಮಾತ್ರ, ಅದು ನಗಣ್ಯ. ಅದೇ ಗ್ಲುಟಮೇಟನ್ನು 20 ಮಿಲಿಮೋಲಾರ್ ಆಹಾರವಾಗಿ ಕೊಡುವ ಬೆಳವಣಿಗೆಯ ಪ್ರಯೋಗದಲ್ಲಿ ಜೊತೆ ಬರುವ ಸೋಡಿಯಮ್ಮೇ ಫಲಿತಾಂಶವನ್ನು ಕೆಡಿಸುತ್ತದೆ. ಸಾಧಾರಣ ಗಾಜು ನಿಂತ ನೀರಿಗೆ ಸೋಡಿಯಂ ಬಿಡುತ್ತದೆ, ಆದ್ದರಿಂದ ಬಫರನ್ನು ಪಾಲಿಪ್ರೊಪಿಲೀನ್ ಬಾಟಲಿಯಲ್ಲಿ ಇಡಿ. ಸೋಪು ಸೋಡಿಯಂ ಲವಣ, ಬೆವರು ಉಪ್ಪುನೀರು. ಕೈಗವಸು ಇಲ್ಲಿ ನಿಮಗಿಂತ ದ್ರಾವಣದ ರಕ್ಷಣೆಗೆ. ಏಪ್ರಿಲ್ ತಿಂಗಳ ಮೈಸೂರಿನಲ್ಲಿ ಐಸು ಇನ್ನಷ್ಟು ತಣ್ಣಗಿರಲೆಂದು ಅದಕ್ಕೆ ಕಲ್ಲುಪ್ಪು ಬೆರೆಸುವ ಹಳೆಯ ಅಭ್ಯಾಸವನ್ನು ಈ ಮೇಜಿನ ಹತ್ತಿರಕ್ಕೂ ತರಬೇಡಿ, ಒಂದು ಹನಿ ಚಿಮ್ಮಿದರೂ ಆ ನಳಿಕೆ ಹಾಳು.

ಉಳಿದ ಸೋಡಿಯಂ ಎಷ್ಟೆಂದು ಅಳೆಯಲೇಬೇಕು. ಮಣ್ಣಿನ ಪೊಟ್ಯಾಷ್ ನೋಡಲು ಫ್ಲೇಮ್ ಫೋಟೋಮೀಟರ್ ಬಳಸುವುದರಿಂದ ಕೃಷಿ ಕಾಲೇಜು, ಮಣ್ಣು ಪರೀಕ್ಷಾ ಕೇಂದ್ರಗಳಲ್ಲಿ ಅದು ಸಾಮಾನ್ಯವಾಗಿ ಇರುತ್ತದೆ. ಸ್ವಂತದ್ದಿಲ್ಲದವರು ಕೇಳಿ ಬಳಸಬಹುದು. ಒಂದು ಎಚ್ಚರಿಕೆ: ಪೊಟ್ಯಾಸಿಯಂ ತುಂಬಿದ ಬಫರಿನಲ್ಲಿ ಸೋಡಿಯಮ್ಮಿನ ಬೆಳಕು ಶುದ್ಧ ನೀರಿನಲ್ಲಿರುವಷ್ಟೇ ಇರುವುದಿಲ್ಲ, ಹೆಚ್ಚಾಗಿ ಕಾಣುತ್ತದೆ. ಆದ್ದರಿಂದ ನೀರಿನಲ್ಲಿ ಮಾಡಿದ ಮಾನಕಗಳ ಜೊತೆ ಹೋಲಿಸದೆ, ಬಫರಿಗೇ 0.1, 0.2, 0.5 ಮಿಲಿಮೋಲಾರ್ ಸೋಡಿಯಂ ಕ್ಲೋರೈಡ್ ಸೇರಿಸಿ ಅಳೆದು, ಸರಳರೇಖೆಯನ್ನು ಹಿಂದಕ್ಕೆ ಎಳೆದು ಮೂಲ ಪ್ರಮಾಣವನ್ನು ಓದಿಕೊಳ್ಳಿ. ಲೀಟರಿಗೆ 23 ಮಿಲಿಗ್ರಾಂ ಸೋಡಿಯಂ ಎಂದರೆ 1 ಮಿಲಿಮೋಲಾರ್. ನಿಮ್ಮ ಬಫರು ಅದರ ಹತ್ತನೆಯ ಒಂದು ಭಾಗಕ್ಕಿಂತ ಕೆಳಗಿದ್ದರೆ ಮುಂದುವರಿಯಬಹುದು.

ಕೋಶಗಳನ್ನು ಸಿದ್ಧಪಡಿಸಿ ಅಳೆಯುವುದು

600 ನ್ಯಾನೋಮೀಟರಿನಲ್ಲಿ ಓ.ಡಿ. (ಕೋಶಗಳು ಬೆಳಕನ್ನು ತಡೆಯುವ ಅಳತೆ) 0.5ರಿಂದ 0.6 ತಲುಪಿದಾಗ, ಅಂದರೆ ಕೋಶಗಳು ಇನ್ನೂ ಹುರುಪಿನಿಂದ ಬೆಳೆಯುತ್ತಿರುವಾಗಲೇ, ಅವನ್ನು 4 ಡಿಗ್ರಿಯಲ್ಲಿ ಸೆಂಟ್ರಿಫ್ಯೂಜ್ ಮಾಡಿ ಇಳಿಸಿಕೊಳ್ಳಿ. 1 ಮಿಲಿಮೋಲಾರ್ ಮೆಗ್ನೀಸಿಯಂ ಸಲ್ಫೇಟ್ ಬೆರೆತ, ಪಿಎಚ್ 7ರ 50 ಮಿಲಿಮೋಲಾರ್ ಪೊಟ್ಯಾಸಿಯಂ ಫಾಸ್ಫೇಟಿನಲ್ಲಿ ಮೂರು ಸಲ ತೊಳೆಯಿರಿ. ಟ್ರಿಸ್ ಬಫರಿನಲ್ಲಿ ತೊಳೆಯುವವರಿದ್ದಾರೆ, ನನಗೆ ಅದು ಒಪ್ಪಿಗೆಯಿಲ್ಲ: ಟ್ರಿಸ್ಸಿನಲ್ಲಿ ಕೋಶಗಳು ತಮ್ಮ ಪೊಟ್ಯಾಸಿಯಂ ಕಳೆದುಕೊಳ್ಳಬಹುದು, ಮತ್ತು ಇ. ಕೋಲಿಯ ಗ್ಲುಟಮೇಟ್ ಸಾಗಣೆಗೆ ಸೋಡಿಯಂ ಜೊತೆ ಪೊಟ್ಯಾಸಿಯಮ್ಮೂ ಬೇಕೆಂಬುದು 1973ರಷ್ಟು ಹಿಂದೆಯೇ ವರದಿಯಾಗಿದೆ. ತೊಳೆದ ಕೋಶಗಳನ್ನು ಅದೇ ಬಫರಿನಲ್ಲಿ ಮಿಲಿಲೀಟರಿಗೆ ಸುಮಾರು 0.5 ಮಿಲಿಗ್ರಾಂ ಒಣತೂಕ ಬರುವಂತೆ, ಅಂದರೆ ಓ.ಡಿ. 1.4ರ ಆಸುಪಾಸಿಗೆ ಎತ್ತಿಕೊಳ್ಳಿ. ಎಳೆದುಕೊಂಡ ಗ್ಲುಟಮೇಟು ಹೊಸ ಪ್ರೋಟೀನಿಗೆ ಸೇರಿಹೋಗದಂತೆ ಕ್ಲೋರಾಂಫೆನಿಕಾಲ್, ಶಕ್ತಿಗೆ 20 ಮಿಲಿಮೋಲಾರ್ ಗ್ಲಿಸರಾಲ್ ಬೆರೆಸಿ, ಅಳೆಯುವ ಮುನ್ನ ಐದು ನಿಮಿಷ 25 ಡಿಗ್ರಿಯಲ್ಲಿ ಗಾಳಿಯಾಡುವಂತೆ ಅಲುಗಾಡಿಸಿ.

ನಳಿಕೆಗಳ ಸಾಲು ಹೀಗಿರಲಿ: ಸೋಡಿಯಂ ಕ್ಲೋರೈಡು 0, 0.1, 0.3, 1, 3, 10, 30, 100 ಮಿಲಿಮೋಲಾರ್, ಪ್ರತಿಯೊಂದರಲ್ಲಿಯೂ ಒಟ್ಟು ಲವಣ 100 ಮಿಲಿಮೋಲಾರ್ ಆಗುವಷ್ಟು, ಸೋಡಿಯಂ ಇಲ್ಲದ ಲವಣವಾದ ಕೋಲಿನ್ ಕ್ಲೋರೈಡು. ಹೀಗೆ ತುಂಬಿಸದಿದ್ದರೆ ಕಂಡ ವ್ಯತ್ಯಾಸ ಸೋಡಿಯಮ್ಮಿನದೋ ಲವಣದ ಒತ್ತಡದ್ದೋ ಎಂದು ಹೇಳಲಾಗುವುದಿಲ್ಲ. ಕೋಲಿನ್ ಬದಲು ಪೊಟ್ಯಾಸಿಯಂ ಕ್ಲೋರೈಡು ಹಾಕಿದ ಇನ್ನೊಂದು ಸಾಲನ್ನು ಒಂದು ದಿನವಾದರೂ ಮಾಡಿ. ಲೀಥಿಯಮ್ಮನ್ನು ‘ತಟಸ್ಥ’ ಎಂದು ನಂಬಬೇಡಿ, ಸೋಡಿಯಮ್ಮಿನ ಜಾಗದಲ್ಲಿ ಅದನ್ನೂ ಸ್ವಲ್ಪಮಟ್ಟಿಗೆ ಒಪ್ಪಿಕೊಳ್ಳುವ ವಾಹಕಗಳಿವೆ. ಇದೇ ಕಾರಣಕ್ಕೆ, ಹಲವು ಹಳೆಯ ವಿಧಾನಗಳಲ್ಲಿ ಅಳತೆಯ ಕೊನೆಗೆ ಫಿಲ್ಟರಿನ ಮೇಲೆ ತೊಳೆಯಲು ಹೇಳುವ ಲೀಥಿಯಂ ಕ್ಲೋರೈಡಿನ ಬದಲು ನಾನು ಐಸಿನಂತೆ ತಣ್ಣಗಿರುವ 100 ಮಿಲಿಮೋಲಾರ್ ಪೊಟ್ಯಾಸಿಯಂ ಫಾಸ್ಫೇಟ್ ಬಳಸುತ್ತೇನೆ.

ಅಳತೆಗೆ ವಿಕಿರಣ ಸೂಸುವ ಕಾರ್ಬನ್-14 ಅಥವಾ ಟ್ರಿಟಿಯಂ ಗುರುತಿರುವ ಎಲ್-ಗ್ಲುಟಮೇಟ್ ಬೇಕು. ಅದನ್ನು ಕೊಳ್ಳಲು, ಬಳಸಲು, ವಿಲೇವಾರಿ ಮಾಡಲು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿಯಿರುವ ಪ್ರಯೋಗಾಲಯದಲ್ಲಿಯೇ ಈ ಕೆಲಸ ನಡೆಯಬೇಕು. ಇಬ್ಬರು ಕೂರಬೇಕು. ಒಬ್ಬರ ಕಣ್ಣು ಗಡಿಯಾರದ ಮೇಲೆ, ಇನ್ನೊಬ್ಬರ ಕೈ ಪಿಪೆಟ್ಟಿನ ಮೇಲೆ. ‘ಹಾಕು’ ಎಂದಾಗ 10 ಮೈಕ್ರೋಮೋಲಾರ್ ಆಗುವಷ್ಟು ಗ್ಲುಟಮೇಟು ಕೋಶಗಳಿಗೆ ಬೀಳುತ್ತದೆ. 5, 10, 15, 30, 60 ಸೆಕೆಂಡುಗಳಿಗೆ ‘ತೆಗಿ’ ಎಂದಾಗಲೆಲ್ಲ 100 ಮೈಕ್ರೋಲೀಟರು 2 ಮಿಲಿಲೀಟರು ತಣ್ಣನೆಯ ಬಫರಿಗೆ ಹೋಗಿ, ಅಲ್ಲಿಂದ ಕೂಡಲೇ 0.45 ಮೈಕ್ರಾನ್ ರಂಧ್ರದ ಒದ್ದೆ ಫಿಲ್ಟರಿನ ಮೇಲೆ ಸುರಿಯುತ್ತದೆ. ದ್ರವ ಇಳಿದು ಗಾಳಿ ಎಳೆಯತೊಡಗಿದ ತಕ್ಷಣ ವ್ಯಾಕ್ಯೂಮ್ ಪಂಪಿನ ದನಿ ತುಸು ಮೇಲೇರುತ್ತದೆ. ಕಣ್ಣಿಗಿಂತ ಕಿವಿ ಇಲ್ಲಿ ನಂಬಿಗಸ್ತ: ಆ ದನಿ ಬದಲಾದ ಕೂಡಲೇ ಎರಡನೆಯ ತೊಳೆತ ಸುರಿಯಬೇಕು, ಮತ್ತೆ ದನಿ ಏರಿದಾಗ ಫಿಲ್ಟರು ಎತ್ತಬೇಕು. ಇಡೀ ಕ್ರಿಯೆ ಹತ್ತು ಹದಿನೈದು ಸೆಕೆಂಡು ಮೀರಿದರೆ ಎಳೆದುಕೊಂಡದ್ದು ಸೋರಿಹೋಗತೊಡಗುತ್ತದೆ. ಮೊದಲ ಒಂದು ವಾರ ಬರೀ ನೀರಿನಲ್ಲಿ ಅಭ್ಯಾಸ ಮಾಡಿಸದೆ ನಾನು ಯಾರಿಗೂ ಗುರುತಿನ ಗ್ಲುಟಮೇಟು ಕೊಡುವುದಿಲ್ಲ.

ಲೆಕ್ಕ ಹೇಗೆಂದು ತೋರಿಸಲು ಕೆಲವು ಕಲ್ಪಿತ ಅಂಕಿಗಳನ್ನು ಇಟ್ಟುಕೊಳ್ಳೋಣ. ಒಂದು ಮಿಲಿಲೀಟರಿನಲ್ಲಿ 10 ನ್ಯಾನೋಮೋಲ್ ಗ್ಲುಟಮೇಟಿಗೆ ನಿಮಿಷಕ್ಕೆ 2,20,000 ವಿಕಿರಣ ಎಣಿಕೆಗಳಿದ್ದರೆ ಪಿಕೋಮೋಲಿಗೆ 22 ಎಣಿಕೆ. 10 ಮಿಲಿಮೋಲಾರ್ ಸೋಡಿಯಂ ಇರುವ ನಳಿಕೆಯಿಂದ 15ನೆಯ ಸೆಕೆಂಡಿಗೆ ತೆಗೆದ ಫಿಲ್ಟರು 1,540 ತೋರಿಸಿತು, ಸೊನ್ನೆ ಕಾಲದ ಫಿಲ್ಟರು 220. ಕಳೆದರೆ 1,320, ಅಂದರೆ 60 ಪಿಕೋಮೋಲ್. ಆ 100 ಮೈಕ್ರೋಲೀಟರಿನಲ್ಲಿ ಇದ್ದದ್ದು 0.05 ಮಿಲಿಗ್ರಾಂ ಕೋಶ. ಆದ್ದರಿಂದ ಮಿಲಿಗ್ರಾಮಿಗೆ 1.2 ನ್ಯಾನೋಮೋಲ್, ನಿಮಿಷಕ್ಕೆ 4.8. ಸೋಡಿಯಂ ಇಲ್ಲದ ನಳಿಕೆ 396 ತೋರಿಸಿದರೆ ಅದೇ ಕ್ರಮದಲ್ಲಿ ನಿಮಿಷಕ್ಕೆ 0.64. ವರದಿಯಲ್ಲಿ ಸೋಡಿಯಮ್ಮಿನ ಹೆಸರಿಗೆ ಬರೆಯಬೇಕಾದದ್ದು ಇವೆರಡರ ವ್ಯತ್ಯಾಸ 4.16 ಮಾತ್ರ. ನಳಿಕೆಯ ಗ್ಲುಟಮೇಟಿನಲ್ಲಿ ನೂರಕ್ಕೆ ಆರು ಭಾಗವಷ್ಟೇ ಖರ್ಚಾಗಿರುವುದರಿಂದ ಆರಂಭದ ವೇಗವೆಂದು ಇದನ್ನು ನಂಬಬಹುದು. ಹತ್ತು ಭಾಗ ದಾಟಿದ್ದರೆ ಕೋಶಗಳನ್ನು ತೆಳುಮಾಡಿ ಮತ್ತೆ ಅಳೆಯಿರಿ. ಒಂದು ಮಿಲಿಗ್ರಾಂ ಒಣ ಕೋಶದೊಳಗೆ 2.5 ಮೈಕ್ರೋಲೀಟರು ನೀರಿದೆ ಎಂದು ಹಿಡಿದರೆ ಹೊಸದಾಗಿ ಬಂದ ಗ್ಲುಟಮೇಟು ಒಳಗೆ 480 ಮೈಕ್ರೋಮೋಲಾರ್, ಹೊರಗಿನದಕ್ಕಿಂತ ಐವತ್ತು ಪಟ್ಟು. ಇದನ್ನು ‘ಶೇಖರಣೆಯ ಅನುಪಾತ’ ಎಂದು ಹೆಮ್ಮೆಯಿಂದ ಬರೆಯುವ ಮುನ್ನ, ಒಳಬಂದ ಗುರುತು ಇನ್ನೂ ಗ್ಲುಟಮೇಟಾಗಿಯೇ ಇದೆಯೇ, ಬೇರೆ ಸಂಯುಕ್ತವಾಗಿ ಬದಲಾಗಿದೆಯೇ ಎಂದು ತೆಳುಪದರ ಕ್ರೊಮಟೋಗ್ರಫಿಯಲ್ಲಿ ನೋಡಿಕೊಳ್ಳಿ.

ಯಾವ ಬಾಗಿಲಿನಿಂದ ಬಂತು ಎಂದು ತೀರ್ಮಾನಿಸುವುದು

ಜೀನ್ ಅಳಿಸಿದ ತಳಿಯಲ್ಲಿ ಸೋಡಿಯಂ ಅವಲಂಬಿ ಭಾಗ ಬಿದ್ದುಹೋದರೆ ಅದೇ ದೊಡ್ಡ ಸಾಕ್ಷಿ. ವಾಹಕದಲ್ಲಿ ಗ್ಲುಟಮೇಟಿನ ಜಾಗಕ್ಕೆ ಸ್ಪರ್ಧಿಸುವ ವಸ್ತುಗಳಿಂದಲೂ ಬಾಗಿಲುಗಳನ್ನು ಬೇರ್ಪಡಿಸಬಹುದು: ಡಿ-ಗ್ಲುಟಮೇಟ್ ಮತ್ತು ಆಲ್ಫಾ-ಮೀಥೈಲ್‌ಗ್ಲುಟಮೇಟ್ ಜಿಎಲ್‌ಟಿ-ಎಸ್ ಅನ್ನು ತಡೆಯುತ್ತವೆ, ಎಲ್-ಸಿಸ್ಟಿಯೇಟ್ ಮತ್ತು ಬೀಟಾ-ಹೈಡ್ರಾಕ್ಸಿಆಸ್ಪರ್ಟೇಟ್ ಜಿಎಲ್‌ಟಿ-ಪಿಯನ್ನು. ಪೊರೆಯ ಮೂಲಕ ಪ್ರೋಟಾನುಗಳನ್ನು ಸೋರಿಸುವ ಸಿಸಿಸಿಪಿ ಹಾಕಿದರೆ ಪ್ರೋಟಾನ್ ಬಲ ಕುಸಿದು ಎಲ್ಲವೂ ಕುಗ್ಗುತ್ತದೆ, ಆದ್ದರಿಂದ ಅದರಿಂದ ಬರುವ ತೀರ್ಮಾನ ಮೊಂಡು. ಸೋಡಿಯಂ ಪ್ರೋಟಾನ್ ವಿನಿಮಯ ಮಾಡುವ ಮೊನೆನ್ಸಿನ್ ಚೂಪಾದ ಸಲಕರಣೆ, ಆದರೆ ಇ. ಕೋಲಿಯ ಹೊರಪೊರೆ ಅದನ್ನು ಸುಲಭಕ್ಕೆ ಒಳಬಿಡುವುದಿಲ್ಲ. ಇಡೀ ಕೋಶಕ್ಕೆ ಹಾಕಿ ‘ಪರಿಣಾಮವಿಲ್ಲ’ ಎಂದು ಬರೆದರೆ ಅದು ವಾಹಕದ ಬಗ್ಗೆ ಏನನ್ನೂ ಹೇಳಿದಂತಾಗುವುದಿಲ್ಲ.

ನಿಜವಾದ ಸ್ಪಷ್ಟತೆ ಬರುವುದು ಪೊರೆಯ ಕೋಶಿಕೆಗಳಲ್ಲಿ. ಲೈಸೋಜೈಮ್ ಮತ್ತು ಇಡಿಟಿಎಯಿಂದ ಕೋಶಭಿತ್ತಿಯನ್ನು ಸಡಿಲಿಸಿ, ಆಸ್ಮಾಟಿಕ್ ಒತ್ತಡದಿಂದ ಒಡೆದು, ಬರಿದಾದ ಪೊರೆ ಮತ್ತೆ ಗುಳ್ಳೆಯಾಗಿ ಮುಚ್ಚಿಕೊಳ್ಳುವಂತೆ ಮಾಡುವ ಈ ವಿಧಾನವನ್ನು ರೂಢಿಗೆ ತಂದವರು ರೊನಾಲ್ಡ್ ಕಾಬಾಕ್. ಒಳಗೆ ಕಿಣ್ವಗಳಿಲ್ಲ, ಎಟಿಪಿ ಇಲ್ಲ, ಹೊರಪೊರೆಯ ತಡೆಯೂ ಇಲ್ಲ. ಮೂರನೆಯ ಬಾಗಿಲಿಗೆ ಬೇಕಾದ ಬಂಧಕ ಪ್ರೋಟೀನು ತೊಳೆದುಹೋಗಿರುವುದರಿಂದ ಆ ಗೊಂದಲವೂ ತಪ್ಪುತ್ತದೆ. ಪೊಟ್ಯಾಸಿಯಂ ಫಾಸ್ಫೇಟ್ ತುಂಬಿದ ಕೋಶಿಕೆಗಳನ್ನು, ಪೊಟ್ಯಾಸಿಯಮ್ಮನ್ನು ಪೊರೆ ದಾಟಿಸುವ ವ್ಯಾಲಿನೊಮೈಸಿನ್ ಸಹಿತ ಸೋಡಿಯಂ ಫಾಸ್ಫೇಟಿಗೆ ನೂರು ಪಟ್ಟು ತೆಳುವಾಗುವಂತೆ ಹಾಕಿದರೆ ಪೊಟ್ಯಾಸಿಯಂ ಹೊರಹರಿದು ಒಳಬದಿ ಋಣವಾದ 118 ಮಿಲಿವೋಲ್ಟ್ ವಿಭವ ಹುಟ್ಟುತ್ತದೆ, ಸೋಡಿಯಂ ಇಳಿಜಾರೂ ಏರ್ಪಡುತ್ತದೆ. ಈ ಎರಡನ್ನೂ ಬಿಡಿಸಿ ನೋಡುವುದು ಪ್ರಯೋಗದ ತಿರುಳು. ಒಳಗೂ ಹೊರಗೂ ಸೋಡಿಯಂ ಸಮನಾಗಿಟ್ಟು ಪೊಟ್ಯಾಸಿಯಂ ಇಳಿಜಾರನ್ನು ಮಾತ್ರ ಉಳಿಸಿದಾಗಲೂ ಗ್ಲುಟಮೇಟು ಏರಿದರೆ, ವಿಭವ ನೇರವಾಗಿ ಕೆಲಸ ಮಾಡುತ್ತಿದೆ ಎಂದಾಯಿತು, ಅಂದರೆ ಒಂದು ಗ್ಲುಟಮೇಟಿಗೆ ಒಂದಕ್ಕಿಂತ ಹೆಚ್ಚು ಧನ ವಿದ್ಯುದಂಶ ಜೊತೆಯಾಗಿದೆ. ಮೇಲೆ ಕಾಗದದ ಮೇಲೆ ಮಾಡಿದ ಮೆಟ್ಟಿಲಿನಲ್ಲಿ ನಿಮ್ಮ ವಾಹಕ ಎಲ್ಲಿ ನಿಂತಿದೆ ಎಂದು ತಿಳಿಯುವುದು ಹೀಗೆ.

ವಿಕಿರಣ ಅನುಮತಿಯಿಲ್ಲದ ಕಾಲೇಜಿನಲ್ಲಿ

ಮಂಡ್ಯದ ಒಬ್ಬ ವಿದ್ಯಾರ್ಥಿನಿ ಇದೇ ಪ್ರಶ್ನೆಯಿಂದ ನನ್ನನ್ನು ಯೋಚನೆಗೆ ಹಚ್ಚಿದಳು: ನಮ್ಮಲ್ಲಿ ಎಣಿಕೆ ಯಂತ್ರವೂ ಇಲ್ಲ, ಅನುಮತಿಯೂ ಇಲ್ಲ, ಏನು ಮಾಡಲಿ? ಒಳಗೆ ಹೋದದ್ದನ್ನು ಅಳೆಯಲಾಗದಿದ್ದರೆ ಹೊರಗೆ ಉಳಿದದ್ದನ್ನು ಅಳೆಯಬಹುದು. ಓ.ಡಿ. 5ರಷ್ಟು ದಟ್ಟ ಕೋಶಗಳನ್ನು 100 ಮೈಕ್ರೋಮೋಲಾರ್ ಗ್ಲುಟಮೇಟಿಗೆ ಹಾಕಿದರೆ, ಮೇಲಿನ ವೇಗದಲ್ಲಿ ಹತ್ತು ಹನ್ನೆರಡು ನಿಮಿಷದೊಳಗೆ ಅದರ ಬಹುಪಾಲು ಮಾಯವಾಗಬೇಕು. 2, 4, 6, 8 ನಿಮಿಷಕ್ಕೆ ಸಿರಿಂಜ್ ಫಿಲ್ಟರಿನ ಮೂಲಕ ಸೋಸಿದ ದ್ರವದಲ್ಲಿ ಉಳಿದ ಗ್ಲುಟಮೇಟನ್ನು ನೋಡಿ. ನಿನ್‌ಹೈಡ್ರಿನ್ ಅಗ್ಗ, 570 ನ್ಯಾನೋಮೀಟರಿನಲ್ಲಿ ನೇರಳೆ ಚೆನ್ನಾಗಿ ಓದಬಹುದು, ಆದರೆ ಅಮೋನಿಯಾ ಮತ್ತು ಕೋಶದಿಂದ ಸೋರಿದ ಬೇರೆ ಅಮೈನೋ ಆಮ್ಲಗಳೂ ಬಣ್ಣ ಕೊಡುತ್ತವೆ. ಗ್ಲುಟಮೇಟ್ ಡಿಹೈಡ್ರೋಜನೇಸ್ ಕಿಣ್ವ ತುಸು ದುಬಾರಿಯಾದರೂ ಗ್ಲುಟಮೇಟಿಗೇ ನಿಷ್ಠವಾದದ್ದು. ಅದರ ಕ್ರಿಯೆ ಅರ್ಧದಲ್ಲಿ ನಿಲ್ಲುವ ಸ್ವಭಾವದ್ದಾದ್ದರಿಂದ ಉತ್ಪನ್ನವನ್ನು ಬಣ್ಣವಾಗಿ ಮುಂದೂಡುವ ಎರಡನೆಯ ಹೆಜ್ಜೆ ಇರುವ ಕಿಟ್ ಕೊಳ್ಳಿ. ಅವಳು ಇದೇ ದಾರಿ ಹಿಡಿದಳು.

ಬೆಳವಣಿಗೆಯ ಪ್ರಯೋಗ ಇನ್ನೂ ಸರಳ, ಆದರೆ ಅದರಲ್ಲೊಂದು ಬಲೆಯಿದೆ. ಕೆ-12ರ ಸಾಮಾನ್ಯ ತಳಿಗೆ ಗ್ಲುಟಮೇಟು ಒಂದೇ ಇಂಗಾಲದ ಮೂಲವಾಗಿ ಸಾಲುವುದಿಲ್ಲವೆಂದು, ಅದರಿಂದ ಬೆಳೆಯಬಲ್ಲ ರೂಪಾಂತರಿಗಳು ಹುಟ್ಟುತ್ತವೆಂದು 1961ರಲ್ಲಿಯೇ ಹಾಲ್ಪರ್ನ್ ಮತ್ತು ಅಂಬಾರ್ಗರ್ ತೋರಿಸಿದ್ದರು. ಮೂರನೆಯ ದಿನ ನಿಮ್ಮ ನಳಿಕೆ ಇದ್ದಕ್ಕಿದ್ದಂತೆ ಮಸುಕಾದರೆ ಅದು ಸೋಡಿಯಮ್ಮಿನ ಪ್ರಭಾವವಾಗಿರದೆ ರೂಪಾಂತರಿಯೇ ಆಗಿರಬಹುದು. ಜಿಎಲ್‌ಟಿ-ಎಸ್ ಜೀನನ್ನು ಪ್ಲಾಸ್ಮಿಡ್ಡಿನಲ್ಲಿ ಹೊತ್ತ ತಳಿಯನ್ನು ಜೊತೆಗಿಟ್ಟುಕೊಂಡು, ಮಸುಕಾದ ನಳಿಕೆಯಿಂದ ಮತ್ತೆ ಬಿತ್ತಿ, ಸೋಡಿಯಂ ಇಲ್ಲದೆಯೂ ಬೆಳೆಯುತ್ತದೆಯೇ ಎಂದು ಪರೀಕ್ಷಿಸಿ.

ನಮ್ಮಲ್ಲಿ ಪ್ರಯೋಗದ ಪುಸ್ತಕದ ಪ್ರತಿ ಪುಟದ ಮೇಲೂ ಮೂರು ಮನೆ ಗೀಚಿರುತ್ತೇವೆ: ಬಫರು ತಯಾರಿಸಿದ ದಿನ, ಬಳಸಿದ ಕ್ಷಾರದ ಪೂರ್ತಿ ಹೆಸರು, ಅಂದು ಬೆಳಿಗ್ಗೆ ಫ್ಲೇಮ್ ಫೋಟೋಮೀಟರು ಕೊಟ್ಟ ಸೋಡಿಯಂ ಪ್ರಮಾಣ. ಮೂರನೆಯ ಮನೆ ಖಾಲಿಯಿದ್ದರೆ ಆ ದಿನ ಗುರುತಿನ ಗ್ಲುಟಮೇಟನ್ನು ಫ್ರೀಜರಿನಿಂದ ಹೊರತೆಗೆಯುವುದಿಲ್ಲ.